ಕುಂಬಳೆ–ಮಂಗಳೂರು ನಿತ್ಯ ಓಡಾಟ: ರೈಲು ಕೈಕೊಟ್ಟ ದಿನ ಯಾವ ದಾರಿ? ಮೆಮುಗೆ ಮನವಿ ಹೇಗೆ ಬರೆಯುವುದು?

ಕುಂಬಳೆ_ಪಾಸು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕುಂಬಳೆ, ಉಪ್ಪಳ, ಮಂಜೇಶ್ವರದಿಂದ ದಿನಾ ಮಂಗಳೂರಿಗೆ ಹೋಗಿಬರುವವರು ಒಂದಷ್ಟು ಮಂದಿ ಸೇರಿ ಮೆಮುಗಾಗಿ, ಅಂದರೆ ಬೇರೆ ಎಂಜಿನ್ ಇಲ್ಲದೆ ವಿದ್ಯುತ್ತಿನಲ್ಲಿ ಓಡುವ ಲೋಕಲ್ ಗಾಡಿಗಾಗಿ, ರೈಲ್ವೆಗೆ ಮನವಿ ಕೊಡಲಿಕ್ಕೆ ಹೊರಟಿದ್ದೇವೆ. ಕೆಲವರ ಕೆಲಸ ಹಂಪನಕಟ್ಟೆ, ಕಂಕನಾಡಿಯಲ್ಲಿ, ಉಳಿದವರದ್ದು ದೇರಳಕಟ್ಟೆ, ಕೊಣಾಜೆಯಲ್ಲಿ. ಬೆಳಿಗ್ಗೆ 9ಕ್ಕೆ ಅಲ್ಲಿರಬೇಕು. ಸಂಜೆ ಕೆಲವರು 5.30ಕ್ಕೆ ಬಿಡುತ್ತಾರೆ, ಕೆಲವರಿಗೆ 8 ಆಗ್ತದೆ.

ಎರಡು ವಿಷಯ ತಿಳಿಯಬೇಕು. ಲೋಕಲ್ ಗಾಡಿ ಕೇಳಿದಾಗೆಲ್ಲ "ಹಳಿಯಲ್ಲಿ ಜಾಗ ಇಲ್ಲ" ಅಂತ ಉತ್ತರ ಬರ್ತದೆ. ಇದು ಎಷ್ಟು ನಿಜ, ಏನು ಕೇಳಿದರೆ ಸಿಗಬಹುದು? ಎರಡನೆಯದು, ಗಾಡಿ ಕೈಕೊಟ್ಟ ದಿನದ ಬದಲಿ ದಾರಿ. "ಬಸ್ಸಲ್ಲಿ ಹೋಗಿ" ಎಂಬ ಉತ್ತರ ದಯವಿಟ್ಟು ಬೇಡ. ಹರತಾಳ, ಬಂದ್, ಹೆದ್ದಾರಿ ಬ್ಲಾಕ್ ಆದ ದಿನದ ಲೆಕ್ಕ ಬೇಕು.

ಔಟರ್_ಸಿಗ್ನಲ್:

ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ. "ಜಾಗ ಇಲ್ಲ" ಎಂಬುದು ಪೂರ್ತಿ ಸುಳ್ಳಲ್ಲ, ಆದರೆ ಜಾಗ ಇಲ್ಲದಿರುವುದು ಎಲ್ಲಿ ಅಂತ ಅವರು ಹೇಳುವುದಿಲ್ಲ.

ಕಾಸರಗೋಡಿನಿಂದ ಮಂಗಳೂರು ಸೆಂಟ್ರಲ್‌ಗೆ ಹಳಿಯಲ್ಲಿ 46 ಕಿ.ಮೀ. ನಡುವೆ ನಿಲ್ದಾಣ ನಾಲ್ಕೇ: ಕುಂಬಳೆ, ಉಪ್ಪಳ, ಮಂಜೇಶ್ವರ, ಉಳ್ಳಾಲ. ಹಳಿ ಜೋಡಿ, ಮೇಲೆ ವಿದ್ಯುತ್ ತಂತಿಯೂ ಉಂಟು. ಅಂದರೆ ಹೊಸ ಹಳಿ ಹಾಕಬೇಕು, ಜಾಗ ಸ್ವಾಧೀನ ಆಗಬೇಕು ಎಂಬ ಮಾತೇ ಇಲ್ಲಿ ಬರುವುದಿಲ್ಲ. ಬೆಂಗಳೂರಿನ ಉಪನಗರ ರೈಲಿಗೆ 148 ಕಿ.ಮೀ. ಹೊಸದಾಗಿ ಕಟ್ಟಬೇಕು, ನಮಗೆ ಬೇಕಾದ್ದು ಇರುವ ಹಳಿಯ ಮೇಲೆ ಓಡುವ ಗಾಡಿ ಮಾತ್ರ.

ಈಗ ಜಾಗದ ಲೆಕ್ಕ. ಒಂದು ಬ್ಲಾಕಿನಲ್ಲಿ, ಅಂದರೆ ಎರಡು ಬ್ಲಾಕ್ ನಿಲ್ದಾಣಗಳ ನಡುವೆ, ಒಂದು ದಿಕ್ಕಿಗೆ ಒಂದೇ ಗಾಡಿ ಇರಬಹುದು. ಬ್ಲಾಕ್ 10 ಕಿ.ಮೀ. ಉದ್ದದ್ದು ಅಂತ ಇಟ್ಟುಕೊಳ್ಳಿ. ಗಂಟೆಗೆ 70ರ ಸರಾಸರಿಯಲ್ಲಿ ಅದನ್ನು ದಾಟಲಿಕ್ಕೆ ಎಂಟೂವರೆ ನಿಮಿಷ, ಹಿಂದಿನವನಿಗೆ ಸಿಗ್ನಲ್ ಬಿಡಲಿಕ್ಕೆ ಇನ್ನೆರಡು ಮೂರು ನಿಮಿಷ. ಎರಡು ಗಾಡಿಗಳ ನಡುವೆ ಸುಮಾರು 12 ನಿಮಿಷ ಬೇಕು, ಅಂದರೆ ಗಂಟೆಗೆ ಒಂದು ದಿಕ್ಕಿಗೆ ಐದು ಗಾಡಿ. ನಮ್ಮ ದಾರಿಯಲ್ಲಿ ದಿನದ ಬಹುಪಾಲು ಹೊತ್ತು ಅಷ್ಟು ಗಾಡಿಯೇ ಇಲ್ಲ. ಇಕ್ಕಟ್ಟು ಇರುವುದು ಮಂಗಳೂರಿನ ಬಾಯಲ್ಲಿ. ನೇತ್ರಾವತಿ ಕ್ಯಾಬಿನ್ ಎಂಬ ಸಿಗ್ನಲ್ ಠಾಣೆಯಲ್ಲಿ ದಾರಿ ಕವಲಾಗ್ತದೆ, ಒಂದು ಸೆಂಟ್ರಲ್‌ಗೆ, ಇನ್ನೊಂದು ಮಂಗಳೂರು ಜಂಕ್ಷನ್‌ಗೆ. ಕ್ಯಾಬಿನ್‌ನಿಂದ ಸೆಂಟ್ರಲ್‌ವರೆಗಿನ ತುಂಡು ಬಹಳ ಕಾಲ ಒಂಟಿ ಹಳಿಯಾಗಿತ್ತು. ಅಲ್ಲೇ ಗಾಡಿಗಳು ಔಟರ್‌ನಲ್ಲಿ, ಅಂದರೆ ನಿಲ್ದಾಣದ ಹೊರಗಿನ ಸಿಗ್ನಲ್‌ನಲ್ಲಿ, ನಿಂತು ಬೆವರುತ್ತಿದ್ದದ್ದು. ಅದು ಈಗ ಜೋಡಿಯಾಗಿದೆ, ಸೆಂಟ್ರಲ್‌ನಲ್ಲಿ ಪ್ಲಾಟ್‌ಫಾರ್ಮ್ ಹೆಚ್ಚಿದೆ. ಆದ್ದರಿಂದ ಹಳೆಯ ಉತ್ತರವನ್ನೇ ಪುನಃ ಕೊಟ್ಟರೆ "ಜೋಡಿ ಹಳಿ ಆದ ಮೇಲೆ ಸಾಮರ್ಥ್ಯ ಎಷ್ಟು ಹೆಚ್ಚಿತು?" ಅಂತ ಲಿಖಿತವಾಗಿ ಕೇಳಿ.

ಇನ್ನು ಮೆಮು ಯಾಕೆ, ಮಾಮೂಲಿ ಪ್ಯಾಸೆಂಜರ್ ಯಾಕೆ ಸಾಲದು? ಸೆಂಟ್ರಲ್ ಎಂದರೆ ಹಳಿ ಮುಗಿಯುವ ಜಾಗ. ಎಂಜಿನ್ ಎಳೆಯುವ ಗಾಡಿ ಬಂದರೆ ಎಂಜಿನ್ ಕಳಚಬೇಕು, ಸುತ್ತು ಹೊಡೆದು ಇನ್ನೊಂದು ತುದಿಗೆ ಜೋಡಿಸಬೇಕು, ಬ್ರೇಕ್ ಪರೀಕ್ಷೆ ಆಗಬೇಕು. ಅಷ್ಟು ಹೊತ್ತು ಪ್ಲಾಟ್‌ಫಾರ್ಮೂ ಹೋಯ್ತು, ಕವಲು ಹಳಿಯೂ ಹೋಯ್ತು. ಮೆಮುಗೆ ಎರಡು ತುದಿಯಲ್ಲೂ ಚಾಲಕನ ಕೋಣೆ ಉಂಟು, ಚಾಲಕ ಆಚೆ ತುದಿಗೆ ನಡೆದುಹೋದರೆ ಗಾಡಿ ತಿರುಗಿದ ಹಾಗೆ. 15 ನಿಮಿಷದಲ್ಲಿ ಪ್ಲಾಟ್‌ಫಾರ್ಮ್ ಖಾಲಿ.

ಓಟದ ಲೆಕ್ಕ: 46 ಕಿ.ಮೀ.ಯನ್ನು 90ರ ವೇಗದಲ್ಲಿ ಓಡಿದರೆ 31 ನಿಮಿಷ. ನಾಲ್ಕು ನಿಲುಗಡೆಗೆ, ವೇಗ ಇಳಿಸಿ ಏರಿಸುವುದನ್ನೂ ಸೇರಿಸಿ, ತಲಾ ಎರಡೂವರೆ ನಿಮಿಷ. ಸ್ವಲ್ಪ ಸಡಿಲ ಬಿಟ್ಟರೂ 45 ನಿಮಿಷ. ಎರಡು ತುದಿಯಲ್ಲಿ 15 ನಿಮಿಷ ತಿರುಗುವ ಹೊತ್ತು ಹಾಕಿದರೆ ಒಂದು ಸುತ್ತಿಗೆ ಎರಡು ಗಂಟೆ. ಒಂದು ರೇಕ್ (ಪೆಟ್ಟಿಗೆಗಳ ಪೂರ್ತಿ ಜೋಡಣೆ) ಇದ್ದರೆ ಎರಡು ಗಂಟೆಗೊಂದು ಗಾಡಿ, ಎರಡಿದ್ದರೆ ಗಂಟೆಗೊಂದು. ಮನವಿಯಲ್ಲಿ "ಹೆಚ್ಚು ರೈಲು ಬೇಕು" ಅಂತ ಬರೆಯುವ ಬದಲು ಇದನ್ನು ಬರೆಯಿರಿ.

ನಿಜವಾದ ಕಷ್ಟ ರೇಕಿನದ್ದು. ಪಾಲಕ್ಕಾಡ್ ವಿಭಾಗದ ಮೆಮು ಶೆಡ್ ಇರುವುದು ಪಾಲಕ್ಕಾಡಿನಲ್ಲಿ, ಇಲ್ಲಿಂದ ಸುಮಾರು 350 ಕಿ.ಮೀ. ಆಚೆ. ನಿಗದಿತ ತಪಾಸಣೆಗೆ ರೇಕ್ ಅಲ್ಲಿಗೆ ಹೋಗಲೇಬೇಕು. ಹಾಗಾಗಿ ಇಲ್ಲಿ ಓಡುವ ಮೆಮು ಯಾವುದಾದರೂ ದಕ್ಷಿಣದ ಸೇವೆಯ ಬಾಲವಾಗಿರ್ತದೆ. ಕಣ್ಣೂರು–ಮಂಗಳೂರು ಪ್ಯಾಸೆಂಜರ್ 2022ರಲ್ಲಿ ಮೆಮು ಆಯಿತು, ಆದರೂ ಅದರ ಸಮಯವನ್ನು ನಮ್ಮ 9 ಗಂಟೆಗೆ ಬೇಕಾದ ಹಾಗೆ ಎಳೆಯುವುದು ಸುಲಭ ಇಲ್ಲ. ಅಲ್ಲಿ ಹತ್ತು ನಿಮಿಷ ಜರುಗಿಸಿದರೆ ರೇಕಿನ ಮುಂದಿನ ಓಟಗಳೂ ಜರುಗುತ್ತವೆ. ಕೇಳಬೇಕಾದ್ದು ಮಂಗಳೂರಿನಲ್ಲಿ ರಾತ್ರಿ ತಂಗುವ ಒಂದು 8 ಪೆಟ್ಟಿಗೆಯ ರೇಕ್, ದಿನನಿತ್ಯದ ತಪಾಸಣೆ ಇಲ್ಲೇ, ದೊಡ್ಡ ತಪಾಸಣೆಗೆ ಮಾತ್ರ ಪಾಲಕ್ಕಾಡಿಗೆ. 8 ಪೆಟ್ಟಿಗೆಗೆ ಸುಮಾರು 180 ಮೀಟರ್ ಪ್ಲಾಟ್‌ಫಾರ್ಮ್ ಸಾಕು.

ಇನ್ನೊಂದು ಮಾತು ಬಿಟ್ಟುಹೋಗಬಾರದು: ಪ್ಲಾಟ್‌ಫಾರ್ಮಿನ ಎತ್ತರ. ಎತ್ತರದ ಪ್ಲಾಟ್‌ಫಾರ್ಮ್ ಎಂದರೆ ಹಳಿಯಿಂದ 76ರಿಂದ 84 ಸೆಂ.ಮೀ. ಅದಕ್ಕಿಂತ ತಗ್ಗು ಇರುವಲ್ಲಿ ಚೀಲ ಹಿಡಿದವರು, ಹಿರಿಯರು ಮೆಟ್ಟಿಲು ಹತ್ತುವಾಗ 30 ಸೆಕೆಂಡಿನ ನಿಲುಗಡೆ ಒಂದೂವರೆ ನಿಮಿಷ ಆಗ್ತದೆ. ನಾಲ್ಕು ಕಡೆ ಹಾಗಾದರೆ ನಾಲ್ಕು ನಿಮಿಷ ಹೋಯ್ತು, ಹಿಂದೆ ಬರುವ ಎಕ್ಸ್‌ಪ್ರೆಸ್‌ಗೆ ದಾರಿ ಬಿಡಲಿಕ್ಕೆ ಮೆಮುವನ್ನೇ ಲೂಪಿಗೆ (ಪಕ್ಕದ ಹಳಿಗೆ) ಹಾಕುತ್ತಾರೆ. ಲೋಕಲ್ ಗಾಡಿ ತಡ ಆಗುವ ಕಾರಣಗಳಲ್ಲಿ ಇದು ದೊಡ್ಡದು, ಯಾರೂ ಬರೆಯುವುದಿಲ್ಲ.

ಪೆರ್ಲ_ರಸ್ತೆ:

ಎರಡನೇ ಪ್ರಶ್ನೆ ನನಗಿರಲಿ. ಬದಲಿ ದಾರಿ ಅಂತ ನಾವು ಎಣಿಸುವುದರಲ್ಲಿ ಹೆಚ್ಚಿನವು ಬದಲಿಯೇ ಅಲ್ಲ ಮಾರಾಯ್ರೆ. ರೈಲೂ, ಹೆದ್ದಾರಿ 66ರ ಬಸ್ಸೂ ನೇತ್ರಾವತಿಯನ್ನು ಒಂದೇ ಕಡೆ, ಅಕ್ಕಪಕ್ಕದ ಸೇತುವೆಗಳಲ್ಲಿ ದಾಟುತ್ತವೆ. ತೊಕ್ಕೊಟ್ಟು–ಪಂಪ್‌ವೆಲ್ ನಡುವೆ ಒಂದು ಟ್ಯಾಂಕರ್ ಮಗುಚಿದರೆ ನಿಮ್ಮ ಬಸ್ಸೂ ಕಾರೂ ರಿಕ್ಷಾವೂ ಒಟ್ಟಿಗೆ ನಿಂತವು. ಹಾಗಾಗಿ ಮೊದಲು ಏನು ಕೆಟ್ಟಿದೆ ನೋಡಿ, ಮತ್ತೆ ದಾರಿ ಆರಿಸಿ.

ಕೆಟ್ಟದ್ದು ರೈಲು ಮಾತ್ರ, ರಸ್ತೆ ಸರಿ ಇದೆ: ಆಗ ಕಾಯುವುದು ಬೇಡ. ತಲಪಾಡಿ–ಚೆಂಗಳ 39 ಕಿ.ಮೀ. ಷಟ್ಪಥ ಆದ ಮೇಲೆ ರಸ್ತೆಯ ಹೊತ್ತು ನಂಬುವಂತಾಗಿದೆ. ಎರಡೂ ರಾಜ್ಯಗಳ ಸಾರಿಗೆ ಬಸ್ಸು ಕಾಸರಗೋಡು–ಮಂಗಳೂರು ನೇರ ಓಡ್ತದೆ. ಅದು ತುಂಬಿ ಬಂದರೆ ತುಂಡು ಪ್ರಯಾಣ ಮಾಡಿ: ತಲಪಾಡಿವರೆಗೆ ಕಾಸರಗೋಡು ಕಡೆಯ ಖಾಸಗಿ ಬಸ್ಸು, ಅಲ್ಲಿ ಇಳಿದು ಮಂಗಳೂರಿನ ಸಿಟಿ ಬಸ್ಸು. ತಲಪಾಡಿಯಿಂದ ಹೊರಡುವ ಬಸ್ಸಲ್ಲಿ ಕೂರಲಿಕ್ಕೆ ಸೀಟೂ ಸಿಗ್ತದೆ. ಹೊಸ ರಸ್ತೆಯಲ್ಲಿ ಒಂದು ಎಡವಟ್ಟು: ಊರಿನ ಬಸ್ಸು ಸರ್ವಿಸ್ ರಸ್ತೆಯಲ್ಲಿ ನಿಲ್ತದೆ, ವೇಗದ್ದು ಮೇಲಿನ ರಸ್ತೆಯಲ್ಲಿ ಹೋಗಿಬಿಡ್ತದೆ. ಅಂಡರ್‌ಪಾಸ್ ಇರುವ ಜಾಗ ಬಿಟ್ಟು ಬೇರೆಲ್ಲೂ ದಾಟಲಿಕ್ಕಿಲ್ಲ. ಯಾವ ಬಸ್ಸು ಯಾವ ಬದಿ ನಿಲ್ತದೆ ಅಂತ ಬಿಡುವಿನ ದಿನ ಒಮ್ಮೆ ನೋಡಿಟ್ಟುಕೊಳ್ಳಿ.

ಹೆದ್ದಾರಿ ತೊಕ್ಕೊಟ್ಟಿನಲ್ಲಿ ಕಟ್ಟಿಕೊಂಡಿದೆ: ದೇರಳಕಟ್ಟೆ, ಕೊಣಾಜೆಯವರಿಗೆ ನದಿ ದಾಟುವ ಕೆಲಸವೇ ಇಲ್ಲ, ಅವರ ತಲೆಬಿಸಿ ತೊಕ್ಕೊಟ್ಟು ಜಂಕ್ಷನ್ ಮಾತ್ರ. ಹೊಸಂಗಡಿಯಲ್ಲಿ ಬಲಕ್ಕೆ ತಿರುಗಿ ವರ್ಕಾಡಿ, ಮುಡಿಪು ಮೂಲಕ ಕೊಣಾಜೆಗೆ ಇಳಿದರೆ ತೊಕ್ಕೊಟ್ಟನ್ನು ನೋಡುವುದೇ ಬೇಡ. ಮಂಗಳೂರು ಪೇಟೆಗೇ ಹೋಗಬೇಕಾದವರಿಗೆ ಎರಡನೇ ಸೇತುವೆ ಹರೇಕಳ–ಅಡ್ಯಾರಿನದ್ದು, ಕಿಂಡಿ ಅಣೆಕಟ್ಟಿನ ಮೇಲೆ ಇರುವಂಥದ್ದು. ಕೊಣಾಜೆಯಿಂದ ಹರೇಕಳ, ಸೇತುವೆ ದಾಟಿ ಅಡ್ಯಾರಿನಲ್ಲಿ ಬೆಂಗಳೂರು ಹೆದ್ದಾರಿ, ಅಲ್ಲಿಂದ ಪಡೀಲ್. ಬೈಕು, ಕಾರಿಗೆ ಒಳ್ಳೆಯದು, ಬಸ್ಸಿಗೆ ನಂಬಬೇಡಿ. ನೇತ್ರಾವತಿ ತುಂಬಿ ಹರಿಯುವ ದಿನ ಬಿಟ್ಟಿದ್ದಾರಾ ಅಂತ ವಿಚಾರಿಸಿಯೇ ಹೊರಡಿ. ಮೂರನೆಯದು ಪಾಣೆಮಂಗಳೂರು: ಮುಡಿಪಿನಿಂದ ಮೆಲ್ಕಾರ್, ನದಿ ದಾಟಿ ಬಿ.ಸಿ.ರೋಡ್. ದೂರ ಹೆಚ್ಚು, ಆದರೆ ದೊಡ್ಡ ವಾಹನಕ್ಕೂ ಆಗ್ತದೆ.

ಉಪ್ಪಳ–ಮಂಜೇಶ್ವರ ನಡುವೆಯೇ ಹೆದ್ದಾರಿ ನಿಂತಿದೆ, ಸರ್ವಿಸ್ ರಸ್ತೆಯಲ್ಲಿ ಮಳೆನೀರು: ಉಪ್ಪಳದಿಂದ ಬಾಯಾರು ರಸ್ತೆ ಹಿಡಿದು ಪೈವಳಿಕೆ ಕಡೆ ಹೋಗಿ, ಬೋರ್ಡಿನಲ್ಲಿ ಮಲಯೋರ ಹೆದ್ದಾರಿ (ಗುಡ್ಡಗಾಡಿನ ಹೆದ್ದಾರಿ) ಅಂತ ಇರುವ ದಾರಿಗೆ ಸೇರಿಕೊಳ್ಳಿ. ನಂದಾರಪದವು–ಚೇವಾರು ತುಂಡು 23 ಕಿ.ಮೀ., ಅಗಲ ಮಾಡಿದ್ದಾರೆ, ನಂದಾರಪದವಿನಿಂದ ಮುಡಿಪು ಹತ್ತಿರ. ಏರಿಳಿತ, ತಿರುವು ಜಾಸ್ತಿ, ರಾತ್ರಿ ಹೊತ್ತು ಹೊಸಬರಿಗೆ ಬೇಡ.

ಕಾಸರಗೋಡು ಪೇಟೆ, ಚೆರ್ಕಳ ಕಡೆಯವರಿಗೆ ಬದಿಯಡ್ಕ, ಪೆರ್ಲ, ಅಡ್ಯನಡ್ಕ, ವಿಟ್ಲ, ಕಲ್ಲಡ್ಕ ದಾರಿ. ಹೆಚ್ಚುಕಡಿಮೆ ದುಪ್ಪಟ್ಟು ದೂರ. ಇದು 9 ಗಂಟೆಯ ಕೆಲಸಕ್ಕೆ ಬದಲಿ ಅಲ್ಲ, ಆಸ್ಪತ್ರೆಗೆ ಹೋಗಲೇಬೇಕಾದ ದಿನಕ್ಕೆ ಬದಲಿ. ಚಟ್ಟಂಚಾಲ್ ಆಚೆಯವರು ಇನ್ನೊಂದು ಗಮನಿಸಿ: 2025ರ ಮಳೆಗಾಲದಲ್ಲಿ ಬೇವಿಂಜೆಯಲ್ಲಿ ಹೆದ್ದಾರಿ ಬದಿಯ ಗುಡ್ಡ ಜರಿದು ಸಂಚಾರ ತಡೆದಿದ್ದರು. ಅಂಥ ದಿನ ಚಂದ್ರಗಿರಿ ಸೇತುವೆಯ ಕರಾವಳಿ ರಸ್ತೆಯೇ ಗತಿ, ಎಲ್ಲರೂ ಅಲ್ಲಿಗೇ ನುಗ್ಗುವುದರಿಂದ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಕೇರಳದಲ್ಲಿ ಹರತಾಳ: ರೈಲು ಓಡ್ತದೆ, ನಿಲ್ದಾಣಕ್ಕೆ ಹೋಗುವ ಬಸ್ಸು ಇರುವುದಿಲ್ಲ. ಸ್ಕೂಟರೊಂದೇ ಇದಕ್ಕೆ ಪರಿಹಾರ. ಕರ್ನಾಟಕ ಬಂದ್: ಬಸ್ಸು ತಲಪಾಡಿಯಲ್ಲೇ ನಿಲ್ತದೆ, ಆಚೆ ಸಿಟಿ ಬಸ್ಸೂ ಇಲ್ಲ. ಆ ದಿನ ತುಂಡು ಪ್ರಯಾಣದ ಉಪಾಯ ನಡೆಯುವುದಿಲ್ಲ, ರೈಲು ಬಿಟ್ಟರೆ ಬೇರೆ ಇಲ್ಲ. 2020ರ ಮಾರ್ಚಿನಲ್ಲಿ ಒಳದಾರಿಗಳಿಗೂ ಮಣ್ಣು ಸುರಿದು ಗಡಿ ಮುಚ್ಚಿದ್ದು ನೆನಪಿರಬಹುದು. ಅಂಥದ್ದಕ್ಕೆ ರಸ್ತೆಯಲ್ಲಿ ಉತ್ತರ ಇಲ್ಲ.

ತೊಕ್ಕೊಟ್ಟು_ಇಳಿಯುವವ:

ಮೇಲಿನವರು ದೊಡ್ಡ ವಿಷಯ ಹೇಳಿದ್ದಾರೆ, ನಾನು ಪಾಸಿನದ್ದು ಸೇರಿಸುತ್ತೇನೆ.

ಉಳ್ಳಾಲ ನಿಲ್ದಾಣ ಇರುವುದು ತೊಕ್ಕೊಟ್ಟಿನಲ್ಲಿ. ದೇರಳಕಟ್ಟೆಯವರು ಸೆಂಟ್ರಲ್‌ವರೆಗೆ ಹೋಗಿ ಪುನಃ ಬಸ್ಸಲ್ಲಿ ನದಿ ದಾಟಿ ವಾಪಸ್ ಬರುವುದನ್ನು ನೋಡಿದರೆ ಬೇಜಾರಾಗ್ತದೆ. ಉಳ್ಳಾಲದಲ್ಲಿ ಎಲ್ಲ ಎಕ್ಸ್‌ಪ್ರೆಸ್ ನಿಲ್ಲುವುದಿಲ್ಲ ನಿಜ, ಆದರೆ ಪ್ಯಾಸೆಂಜರ್, ಮೆಮು ನಿಲ್ತದೆ. ಇಳಿದು ಹೊರಗೆ ಬಂದರೆ ಕೊಣಾಜೆ, ದೇರಳಕಟ್ಟೆ ಬಸ್ಸು.

ಗಾಡಿ ನಂಬರಿನ ಮೊದಲ ಅಂಕೆ ಕಲಿತರೆ ಪಾಸಿನ ಅರ್ಧ ಗೊಂದಲ ಹೋಯ್ತು. 5ರಿಂದ ಶುರುವಾದರೆ ಪ್ಯಾಸೆಂಜರ್, 6 ಆದರೆ ಮೆಮು, 16 ಆದರೆ ಎಕ್ಸ್‌ಪ್ರೆಸ್: ಪರಶುರಾಮ್, ಏರ್ನಾಡ್, ಮಲಬಾರ್, ಮಾವೇಲಿ ಎಲ್ಲ ಈ ಗುಂಪು. ಇವುಗಳ ಜನರಲ್ ಬೋಗಿಗೆ ಮಾಮೂಲಿ ತಿಂಗಳ ಪಾಸು ಸಾಕು. 12 ಅಥವಾ 22 ಅಂದರೆ ಸೂಪರ್‌ಫಾಸ್ಟ್: ಚೆನ್ನೈ ಮೈಲ್, ವೆಸ್ಟ್ ಕೋಸ್ಟ್, ಕೊಯಮತ್ತೂರು ಇಂಟರ್‌ಸಿಟಿ. ಅದಕ್ಕೆ ಪಾಸಿನ ಮೇಲೆ ಸೂಪರ್‌ಫಾಸ್ಟ್ ಹೆಚ್ಚುವರಿ ಕಟ್ಟಿರಬೇಕು. ವಂದೇ ಭಾರತಕ್ಕೆ ಯಾವ ಪಾಸೂ ಇಲ್ಲ. ಜನರಲ್ ತುಂಬಿದೆ ಅಂತ ಸ್ಲೀಪರ್ ಹತ್ತಿ ಸಿಕ್ಕಿಬಿದ್ದರೆ ದಂಡ ಕನಿಷ್ಠ 250 ರೂಪಾಯಿ, ಮೇಲೆ ದರದ ವ್ಯತ್ಯಾಸ.

ಮೂರು ತಿಂಗಳ ಪಾಸಿಗೆ ತಿಂಗಳ ಪಾಸಿನ 2.7 ಪಟ್ಟು, ಆರು ತಿಂಗಳಿಗೆ 5.4 ಪಟ್ಟು, ವರ್ಷಕ್ಕೆ 10.8 ಪಟ್ಟು. ಲೆಕ್ಕ ಹಾಕಿ ನೋಡಿ, ಉಳಿತಾಯ ಎಲ್ಲದರಲ್ಲೂ ನೂರಕ್ಕೆ ಹತ್ತೇ. ಹಾಗಾಗಿ ಪಾಳಿ ಬದಲಾಗುವವರು ವರ್ಷದ್ದು ತೆಗೆದು ಕಟ್ಟಿಹಾಕಿಕೊಳ್ಳುವ ಅಗತ್ಯ ಇಲ್ಲ, ಮೂರು ತಿಂಗಳದ್ದೇ ಸರಿ. ಮುಗಿಯುವ 10 ದಿನ ಮೊದಲೇ ನವೀಕರಿಸಬಹುದು. ರೈಲ್‌ಒನ್ ಆ್ಯಪಿನಲ್ಲಿ ತೆಗೆದರೆ ಸರತಿ ಸಾಲು ತಪ್ಪಿತು, ಆದರೆ ಫೋನ್ ಸತ್ತರೆ ನೀವು ಟಿಕೆಟ್ ಇಲ್ಲದವರೇ. ಸಂಜೆ ಚಾರ್ಜ್ ಉಳಿಯದ ಫೋನ್ ಆದರೆ ಕೌಂಟರಿನ ಕಾಗದದ ಪಾಸು ವಾಸಿ.

ಗಾಡಿ ಕಾಯಬೇಕಾ, ರಸ್ತೆಗೆ ಓಡಬೇಕಾ ಎಂಬ ತೀರ್ಮಾನಕ್ಕೆ ಹೊಸದುರ್ಗವನ್ನು, ಅಂದರೆ ಕಾಞಂಗಾಡ್ ನಿಲ್ದಾಣವನ್ನು, ನೋಡಿ. ಗಾಡಿ ಕಾಞಂಗಾಡ್ ಬಿಟ್ಟಿದೆ ಅಂತ ಎನ್‌ಟಿಇಎಸ್‌ನಲ್ಲಿ (ಗಾಡಿ ಎಲ್ಲಿದೆ ಅಂತ ತೋರಿಸುವ ರೈಲ್ವೆಯ ಆ್ಯಪ್) ಬಂದರೆ ಕುಂಬಳೆಗೆ ಇನ್ನು ಅರ್ಧ ಗಂಟೆಯ ಮಾತು. ಕುಂಬಳೆಯಲ್ಲಿ ಹತ್ತುವ ಸಮಯಕ್ಕೆ ಅರ್ಧ ಗಂಟೆಗಿಂತ ಕಡಿಮೆ ಉಳಿದಾಗಲೂ ಬಿಟ್ಟಿಲ್ಲವಾದರೆ ಕಾಯುತ್ತಾ ನಿಲ್ಲಬೇಡಿ. ಸೆಂಟ್ರಲ್ ತಲುಪುವ ಸಮಯವನ್ನು ನೋಡಿ ಮೋಸ ಹೋಗಬೇಡಿ, ಕೊನೆಯ ತುಂಡಿಗೆ ವೇಳಾಪಟ್ಟಿಯಲ್ಲಿ ಧಾರಾಳ ಸಡಿಲ ಇಟ್ಟಿರುತ್ತಾರೆ. ಮಂಜೇಶ್ವರದಲ್ಲಿ 15 ನಿಮಿಷ ತಡವಾದ ಗಾಡಿ ದಾಖಲೆಯಲ್ಲಿ ಸರಿಯಾದ ಸಮಯಕ್ಕೆ ಸೆಂಟ್ರಲ್ ಮುಟ್ಟಿರ್ತದೆ. ನೇತ್ರಾವತಿ ಎಕ್ಸ್‌ಪ್ರೆಸ್‌ನಂಥ ಕೊಂಕಣ ಗಾಡಿ ಹಿಡಿಯುವವರಿಗೆ: ಜೂನಿನಿಂದ ಅಕ್ಟೋಬರ್‌ವರೆಗೆ ಮಳೆಗಾಲದ ವೇಳಾಪಟ್ಟಿ ಬೇರೆ, ಮತ್ತು ಅದು ಜಂಕ್ಷನ್‌ಗೆ ಹೋಗುವುದು, ಸೆಂಟ್ರಲ್‌ಗೆ ಅಲ್ಲ.

ಹೊಸದುರ್ಗ_ಎಕ್ಸ್‌ಪ್ರೆಸ್:

ಸಿಲ್ವರ್‌ಲೈನ್ ಆಗಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ.

ಔಟರ್_ಸಿಗ್ನಲ್:

ಅದು ತಿರುವನಂತಪುರದಿಂದ ಕಾಸರಗೋಡಿಗೆ 529 ಕಿ.ಮೀ.ಯ ಯೋಜನೆ, ಕಾಸರಗೋಡಿನಲ್ಲೇ ಮುಗಿಯುವುದು, ಅದರ ಹಿಂದಿನ ನಿಲ್ದಾಣ ಕಣ್ಣೂರು. ಕುಂಬಳೆಯವರಿಗೆ ಅದರಿಂದ ಮೂರು ಕಾಸಿನ ಪ್ರಯೋಜನ ಇರಲಿಲ್ಲ. ವೇಗದ ರೈಲು ಬೇರೆ, ನಿತ್ಯದ ರೈಲು ಬೇರೆ. ಕಾಞಂಗಾಡ್–ಪಾಣತ್ತೂರು–ಕಾಣಿಯೂರು ಹಳಿಯ ಬೇಡಿಕೆಯೂ ಇಂಥದ್ದೇ. ಒಳ್ಳೆಯ ಬೇಡಿಕೆ, ಆದರೆ ಈ ಮನವಿಯಲ್ಲಿ ತುರುಕಿದರೆ ಕಡತ ಬೇರೆ ಮೇಜಿಗೆ ಹೋಗ್ತದೆ.

ಕುಂಬಳೆ_ಪಾಸು:

ಬಹಳ ಉಪಕಾರ. ಮನವಿಯ ಕರಡು ಹೀಗೆ ಮಾಡಿದ್ದೇವೆ: ಕಾಸರಗೋಡು–ಸುರತ್ಕಲ್ ಗಂಟೆಗೊಂದು ಮೆಮು, ಎಲ್ಲ ಎಕ್ಸ್‌ಪ್ರೆಸ್‌ಗೂ ಕುಂಬಳೆ, ಉಪ್ಪಳ, ಮಂಜೇಶ್ವರದಲ್ಲಿ ನಿಲುಗಡೆ, ರಾತ್ರಿ 8.15ಕ್ಕೆ ಮಂಗಳೂರಿನಿಂದ ಒಂದು ಗಾಡಿ. ಸಂಸದರಿಗೂ ರೈಲ್ವೆ ಮಂಡಳಿಗೂ ಕಳಿಸುವುದು.

ಔಟರ್_ಸಿಗ್ನಲ್:

ಮೂರು ತಿದ್ದುಪಡಿ.

ಸುರತ್ಕಲ್ ಈಗಲೇ ಬೇಡ. ಕಾಸರಗೋಡಿನಿಂದ ಮಂಗಳೂರಿನ ಎರಡೂ ನಿಲ್ದಾಣದವರೆಗೆ ಇಡೀ ದಾರಿ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ್ದು, ಒಬ್ಬರೇ ವಿಭಾಗೀಯ ವ್ಯವಸ್ಥಾಪಕರು. ತೋಕೂರು ದಾಟಿದರೆ ಕೊಂಕಣ ರೈಲ್ವೆ, ಬೇರೆ ಸಂಸ್ಥೆ, ಬೇರೆ ಲೆಕ್ಕಪತ್ರ. ಮೊದಲ ಹಂತ ಕಾಸರಗೋಡು–ಸೆಂಟ್ರಲ್, ಎರಡನೆಯದು ಸುರತ್ಕಲ್ ಅಂತ ಬಿಡಿಸಿ ಬರೆಯಿರಿ. ಮೊದಲನೆಯದು ಎರಡನೆಯದಕ್ಕೆ ಕಾದು ಕೂರಬಾರದು.

"ಎಲ್ಲ ಎಕ್ಸ್‌ಪ್ರೆಸ್‌ಗೂ ನಿಲುಗಡೆ" ಹೊಡೆದು ಹಾಕಿ. ಒಂದೊಂದು ನಿಲುಗಡೆಗೂ ಆ ಗಾಡಿಯ ಬ್ಲಾಕ್ ಸಮಯ ಉದ್ದ ಆಗ್ತದೆ, ಮೆಮುಗೆ ಸಿಗಬೇಕಾದ ಜಾಗವನ್ನೇ ತಿಂತದೆ. ಲೋಕಲ್ ಕೇಳುವವರು ಎಕ್ಸ್‌ಪ್ರೆಸ್ ನಿಲುಗಡೆಯನ್ನೂ ಕೇಳಿದರೆ ನಮ್ಮ ಕಾಲಿಗೆ ನಾವೇ ಕೊಡಲಿ ಹಾಕಿದ ಹಾಗೆ. ಬೇಕಿದ್ದರೆ ಬೆಳಗಿನ ಒಂದು, ಸಂಜೆಯ ಒಂದು ಗಾಡಿಯ ಹೆಸರು ಹೇಳಿ, ಪ್ರಾಯೋಗಿಕ ನಿಲುಗಡೆ ಎಂದು ಕೇಳಿ. ಪ್ರಾಯೋಗಿಕ ನಿಲುಗಡೆ ಉಳಿಯುವುದು ಆ ನಿಲ್ದಾಣದ ಟಿಕೆಟ್ ಮಾರಾಟದ ಮೇಲೆ. ಆದ್ದರಿಂದ ಕುಂಬಳೆಯಲ್ಲಿ ಹತ್ತುವವರು ಕಾಸರಗೋಡಿನಿಂದ ಪಾಸು ತೆಗೆಯುವ ರೂಢಿ ಬಿಡಬೇಕು. ರೈಲ್ವೆಯ ಲೆಕ್ಕದಲ್ಲಿ ಅವರು ಕಾಸರಗೋಡಿನ ಪ್ರಯಾಣಿಕರಾಗಿ ಹೋಗ್ತಾರೆ.

ರಾತ್ರಿಯ ಗಾಡಿಯನ್ನು ಮೂರನೇ ಸಾಲಿನಿಂದ ಮೊದಲ ಸಾಲಿಗೆ ತನ್ನಿ. ಸಂಜೆ ಮಾವೇಲಿ, ಮಲಬಾರ್ ಹೋದ ಮೇಲೆ ಸೆಂಟ್ರಲ್‌ನಿಂದ ದಕ್ಷಿಣಕ್ಕೆ ದೊಡ್ಡ ಖಾಲಿ, ವೆಸ್ಟ್ ಕೋಸ್ಟ್ ಹೊರಡುವುದು ಮಧ್ಯರಾತ್ರಿ ಹತ್ತಿರ. ಆ ಹೊತ್ತಿಗೆ ಪ್ಲಾಟ್‌ಫಾರ್ಮೂ ಹಳಿಯೂ ಸುಮಾರು ಬಿಡುವಾಗಿರುವುದರಿಂದ "ಜಾಗ ಇಲ್ಲ" ಎನ್ನುವುದು ಇಲ್ಲಿಯೇ ಅತಿ ಕಷ್ಟ. ಬೆಳಗಿನದ್ದಕ್ಕೆ ಸೆಂಟ್ರಲ್ ಮುಟ್ಟುವ ಸಮಯ 8.15–8.30 ಎಂದು ಬರೆಯಿರಿ, ಕುಂಬಳೆ ಬಿಡುವ ಸಮಯ ಅವರು ಲೆಕ್ಕ ಹಾಕಲಿ.

ಗಾಡಿ ಕಾಸರಗೋಡಿನಲ್ಲೇ ತಿರುಗಬೇಕು ಎಂಬ ಹಟವೂ ಬೇಡ. ಜೋಡಿ ಹಳಿಯಲ್ಲಿ ಗಾಡಿ ಹಿಂದಿರುಗಬೇಕಾದರೆ ಎದುರು ದಿಕ್ಕಿನ ಮುಖ್ಯ ಹಳಿಗೆ ಅಡ್ಡ ದಾಟಬೇಕು, ಆ ಕೆಲವು ನಿಮಿಷ ಎರಡೂ ದಿಕ್ಕು ನಿಲ್ತದೆ. ಚೆರ್ವತ್ತೂರಿನಲ್ಲಿ ಪ್ಯಾಸೆಂಜರ್ ಮುಗಿಸಿ ತಿರುಗಿಸುವ ರೂಢಿ ಮೊದಲಿಂದ ಉಂಟು. "ಕಾಸರಗೋಡು ಅಥವಾ ಚೆರ್ವತ್ತೂರು" ಎಂದು ಬಿಟ್ಟರೆ ಅವರಿಗೆ ಕೈಯಾಡಿಸಲಿಕ್ಕೆ ಜಾಗ ಇರ್ತದೆ.

ಮಂಡಳಿಗೆ ಪ್ರತಿ ಇರಲಿ, ಆದರೆ ಮೂಲ ಪ್ರತಿ ಪಾಲಕ್ಕಾಡ್ ವಿಭಾಗೀಯ ವ್ಯವಸ್ಥಾಪಕರಿಗೆ, ವಿಭಾಗೀಯ ರೈಲು ಬಳಕೆದಾರರ ಸಮಾಲೋಚನಾ ಸಮಿತಿಯ ಸದಸ್ಯರ ಮೂಲಕವೂ ಒಂದು. ಈಗ ಹೊಸ ವೇಳಾಪಟ್ಟಿ ಜನವರಿ 1ರಿಂದ ಬರುತ್ತಿದೆ, ಹಾಗಾಗಿ ಮಳೆಗಾಲ ಮುಗಿಯುವ ಮೊದಲೇ ಕೊಟ್ಟಿರಬೇಕು.

ತೊಕ್ಕೊಟ್ಟು_ಇಳಿಯುವವ:

ಸಹಿ ಸಂಗ್ರಹಿಸುವ ಹಾಳೆಯಲ್ಲಿ ಹೆಸರು, ಸಹಿ ಮಾತ್ರ ಸಾಲದು. ಹತ್ತುವ ನಿಲ್ದಾಣ, ಇಳಿಯುವ ನಿಲ್ದಾಣ, ಕೆಲಸಕ್ಕೆ ಮುಟ್ಟಬೇಕಾದ ಹೊತ್ತು, ಬಿಡುವ ಹೊತ್ತು, ಪಾಸು ಉಂಟಾ ಇಲ್ಲವಾ, ಈಗ ಬಸ್ಸಲ್ಲಿ ಹೋಗುವವರಾದರೆ ಅದನ್ನೂ ಬರೆಸಿ. ಉಳ್ಳಾಲದಲ್ಲಿ ಇಳಿಯುವವರನ್ನು ಸೆಂಟ್ರಲ್ ಜೊತೆ ಸೇರಿಸಬೇಡಿ, ಬೇರೆಯೇ ಮೊತ್ತ ತೋರಿಸಿ. ಇಲ್ಲದಿದ್ದರೆ ಮೆಮು ಕೊಟ್ಟು, ಸಮಯ ಉಳಿಸುವ ನೆಪದಲ್ಲಿ ಉಳ್ಳಾಲದ ನಿಲುಗಡೆಯನ್ನೇ ಮೊದಲು ತೆಗೆಯುತ್ತಾರೆ.

ಕುಂಬಳೆ_ಪಾಸು:

ಹಾಳೆ ಹಾಗೆಯೇ ಮಾಡಿಸುತ್ತೇವೆ. ಸುರತ್ಕಲ್ ಎರಡನೇ ಹಂತಕ್ಕೆ ಹಾಕಿದ್ದೇವೆ, ನಿಲುಗಡೆಯ ಸಾಲು ತೆಗೆದದ್ದಕ್ಕೆ ಉಪ್ಪಳದವರು ಸ್ವಲ್ಪ ಗಲಾಟೆ ಮಾಡ್ತಾರೆ. ಅವರಿಗೆ ಬ್ಲಾಕಿನ ಲೆಕ್ಕದ ಆ ಉತ್ತರವನ್ನೇ ಓದಿಸುತ್ತೇವೆ.